ಬೆಳಿಗ್ಗೆ ಇಟ್ಟ ಕೋಳಿ, ಸಂಜೆಗೆ ಊಟ: ಸ್ಲೋ ಕುಕ್ಕರ್‌ನ ಮೊದಲ ಪಾಠ

ಗೋವಾದ ವಾಸ್ಕೋದಲ್ಲಿರುವ ಬಾಯ್ನಾದ ಕನ್ನಡಿಗರ ಮನೆಗಳಲ್ಲಿ ಸಂಜೆ ಆರರಿಂದ ಎಂಟರ ನಡುವಿನ ಹೊತ್ತು ಬಲು ಇಕ್ಕಟ್ಟಿನದು. ಮುರಗಾವ್ ಬಂದರಿನ ಪಾಳಿ ಮುಗಿಸಿ ಒಬ್ಬರು ಬರುತ್ತಾರೆ, ವೆರ್ಣಾ ಕೈಗಾರಿಕಾ ವಸಾಹತಿನ ಬಸ್ಸಿನಿಂದ ಇನ್ನೊಬ್ಬರು ಇಳಿಯುತ್ತಾರೆ, ಮಕ್ಕಳು ಟ್ಯೂಷನ್ ಮುಗಿಸಿ ಬಂದವರೇ ಹಸಿವು ಎನ್ನುತ್ತಾರೆ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಕುಟುಂಬಗಳು ಬಂದರಿನ ಕೆಲಸಕ್ಕೆ, ಗಣಿಗೆ, ಕಟ್ಟಡ ಕೆಲಸಕ್ಕೆ ಬಂದು ವಾಸ್ಕೋದ ಸುತ್ತಮುತ್ತ ನೆಲೆ ನಿಂತವು. ಊರಿಂದ ರೈಲಿನಲ್ಲಿ ಮಸಾಲಿ ಖಾರ, ಕಟಕ ರೊಟ್ಟಿ ಬರುವುದು ಇವತ್ತಿಗೂ ನಿಂತಿಲ್ಲ. ಒಲೆಯ ಮುಂದೆ ಕೂತು ಕೋಳಿ ಸಾರು ಕುದಿಸುವ ಪುರಸೊತ್ತು ಮಾತ್ರ ಯಾರಿಗೂ ಇಲ್ಲ.

ಈ ಪಾಠ ಅಂಥವರಿಗಾಗಿ. ಬೆಳಿಗ್ಗೆ ಅರ್ಧ ಗಂಟೆ ಕೆಲಸ ಮಾಡಿ ಸ್ವಿಚ್ ಒತ್ತಿ ಹೋದರೆ, ಸಂಜೆ ಬಾಗಿಲು ತೆಗೆದಾಗ ಕೋಳಿ, ಆಲೂಗಡ್ಡೆ, ಗಜ್ಜರಿ ಒಂದೇ ಪಾತ್ರೆಯಲ್ಲಿ ಬೆಂದಿರಬೇಕು. ಅಡುಗೆ ಬಾರದವರೂ, ಸ್ಲೋ ಕುಕ್ಕರ್ ಕಂಡೇ ಇರದವರೂ ಇದನ್ನು ಮಾಡಬಹುದು.

ಮೊದಲೇ ಒಂದು ಮಾತು. ಈ ಯಂತ್ರ ನಿಮ್ಮ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಸಂಜೆಯಿಂದ ಬೆಳಿಗ್ಗೆಗೆ ಸರಿಸುತ್ತದೆ, ಅಷ್ಟೆ. ಬೇಯಿಸುವುದು ಅದಕ್ಕೆ ಗೊತ್ತು. ಆದರೆ ಕೆಂಪಗೆ ಹುರಿಯುವುದು ಗೊತ್ತಿಲ್ಲ, ನೀರು ಇಂಗಿಸುವುದೂ ಗೊತ್ತಿಲ್ಲ. ಈ ಎರಡು ಕೆಲಸ ನಿಮ್ಮದು. ಇಷ್ಟು ನೆನಪಿಟ್ಟರೆ ಮುಂದಿನ ಎಲ್ಲ ಸೂಚನೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಪಾತ್ರೆಯ ಪರಿಚಯ

ಸ್ಲೋ ಕುಕ್ಕರ್ ಎಂದರೆ ಒಂದು ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಕರೆಂಟಿನಿಂದ ಹದವಾಗಿ ಕಾಯುವ ಕವಚ, ಮೇಲೊಂದು ಗಾಜಿನ ಮುಚ್ಚಳ. ಪ್ರೆಶರ್ ಕುಕ್ಕರಿನಂತೆ ಇದರಲ್ಲಿ ಒತ್ತಡವಿಲ್ಲ, ಸೀಟಿಯಿಲ್ಲ. ಗುಂಡಿಯ ಮೇಲೆ ಸಾಮಾನ್ಯವಾಗಿ ಮೂರು ಗುರುತು ಇರುತ್ತವೆ: ಲೋ, ಹೈ, ವಾರ್ಮ್. ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದು ಹೊಸಬರು ತಿಳಿಯುತ್ತಾರೆ. ಆದರೆ ಹೆಚ್ಚಿನ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಮಟ್ಟವನ್ನು, ಅಂದರೆ ಕುದಿಯುವುದಕ್ಕೆ ಸ್ವಲ್ಪ ಕೆಳಗೆ. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನವಾಗಿ ಮುಟ್ಟುತ್ತದೆ. ವಾರ್ಮ್ ಬೇಯಿಸುವುದಕ್ಕಲ್ಲ, ಬೆಂದದ್ದನ್ನು ಬಿಸಿಯಾಗಿ ಇಡುವುದಕ್ಕೆ. ಅದರಲ್ಲಿ ಹಸಿ ಮಾಂಸ ಇಡುವ ಸಾಹಸ ಬೇಡ.

ಕರೆಂಟ್ ಬಿಲ್ಲಿನ ಚಿಂತೆ ಇರುವವರಿಗೆ ಒಂದು ಲೆಕ್ಕ. 200 ವಾಟ್‌ನ ಕುಕ್ಕರ್ ಆರು ಗಂಟೆ ಉರಿದರೆ ಹೆಚ್ಚೆಂದರೆ 1.2 ಯೂನಿಟ್. ನಾಲ್ಕು ಜನರ ಮನೆಗೆ ಮೂರೂವರೆ ಲೀಟರಿನದು ಸಾಕು. ಪಾತ್ರೆ ಅರ್ಧಕ್ಕಿಂತ ಕಡಿಮೆ ತುಂಬಿದರೆ ತಳ ಹಿಡಿಯುತ್ತದೆ, ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ನಡುವಿನದು ಬೇಯುವುದಿಲ್ಲ. ಆದ್ದರಿಂದ ಮನೆಯ ಅಳತೆ ನೋಡಿ ಕೊಳ್ಳಬೇಕು, ದೊಡ್ಡದು ಇರಲಿ ಎಂಬ ಆಸೆಯಿಂದಲ್ಲ.

ಗೋವಾದವರಿಗೆ ಬೇರೆಯಾಗಿ ಹೇಳಬೇಕಾದದ್ದು ಒಂದಿದೆ. ಹಡಗಿನಲ್ಲಿ ಕೆಲಸ ಮಾಡುವವರು, ಅಮೆರಿಕದ ನೆಂಟರು ಇಂಥ ಕುಕ್ಕರ್ ತಂದುಕೊಡುವುದುಂಟು. ಅಮೆರಿಕದ ಯಂತ್ರಗಳು 110–120 ವೋಲ್ಟಿನವು, ನಮ್ಮ ಮನೆಯ ಕರೆಂಟ್ 230 ವೋಲ್ಟ್. ಪಿನ್ ಬದಲಾಯಿಸುವ ಅಡಾಪ್ಟರ್ ವೋಲ್ಟೇಜ್ ಬದಲಾಯಿಸುವುದಿಲ್ಲ. ತಳದಲ್ಲಿ ಅಂಟಿಸಿದ ಚೀಟಿ ಓದದೆ ಪ್ಲಗ್ ಚುಚ್ಚಿದರೆ ಕುಕ್ಕರ್ ಅಲ್ಲಿಗೇ ಸುಟ್ಟುಹೋಗುತ್ತದೆ.

ಹೊಸದಲ್ಲದ ವಿದ್ಯೆ

ನಿಧಾನವಾಗಿ ಬೇಯಿಸುವುದು ನಮಗೆ ಹೊಸದೇನಲ್ಲ. ಕುಳ್ಳಿನ ಕೆಂಡದ ಮೇಲೆ ದಿನವಿಡೀ ಕಾದು ಕೆಂಪೇರಿದ ಹಾಲನ್ನು ಕುಡಿದವರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ 1910ರಲ್ಲಿ ಇಕ್ಮಿಕ್ ಕುಕ್ಕರ್ ಮಾಡಿದರು. ಕೆಳಗೆ ಇದ್ದಿಲು, ಮೇಲೆ ಟಿಫಿನ್ ಕ್ಯಾರಿಯರಿನಂಥ ಡಬ್ಬಿಗಳು. ಅನ್ನ, ಬೇಳೆ, ಮಾಂಸ ಇಟ್ಟು ಕೆಲಸಕ್ಕೆ ಹೋಗಿ ಬಂದರೆ ಹಬೆಯಲ್ಲೇ ಅಡುಗೆ ಆಗಿರುತ್ತಿತ್ತು.

ಇವತ್ತಿನ ಕರೆಂಟಿನ ಕುಕ್ಕರ್ ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಅವರದು. ಅದಕ್ಕೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಯಹೂದಿಗಳಿಗೆ ಶನಿವಾರ ಬೆಂಕಿ ಹೊತ್ತಿಸುವಂತಿಲ್ಲ. ಅದಕ್ಕಾಗಿ ಶುಕ್ರವಾರ ಸಂಜೆಯೇ ಕಾಳು, ಮಾಂಸದ ಗಡಿಗೆಯನ್ನು ಬೇಕರಿಯ ಒಲೆಯಲ್ಲಿಟ್ಟು ಮರುದಿನ ತೆಗೆಯುವ ರೂಢಿ ಇತ್ತು. ಅದನ್ನು ಮನೆಯ ಹಿರಿಯರಿಂದ ಕೇಳಿದ್ದೇ ಈ ಯಂತ್ರಕ್ಕೆ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದರು. 1970ರಲ್ಲಿ ರೈವಲ್ ಕಂಪನಿ ಅವರ ಉದ್ಯಮವನ್ನು ಕೊಂಡು, ಮರುವರ್ಷ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೆಂಗಸರು ಹೆಚ್ಚು ಹೆಚ್ಚಾಗಿ ಹೊರಗೆ ದುಡಿಯಲು ಹೊರಟ ಕಾಲ ಅದು. ಯಂತ್ರ ಮನೆಮನೆ ಸೇರಿತು.

ಯಾವ ಕೋಳಿ, ಯಾವ ಭಾಗ

ಅಂಗಡಿಯಲ್ಲಿ ಎಲುಬಿರುವ ಕಾಲು ಮತ್ತು ತೊಡೆಯ ತುಂಡು ಕೇಳಿ, ಚರ್ಮ ತೆಗೆಸಿ. ಕಾಲು ಹೆಚ್ಚು ದುಡಿಯುವ ಭಾಗ, ಅದರಲ್ಲಿ ನಾರು, ಜೋಡಿಸುವ ಅಂಗಾಂಶ ಜಾಸ್ತಿ. ನಿಧಾನದ ಬಿಸಿಯಲ್ಲಿ ಅದು ಕರಗಿ ಜೆಲಟಿನ್ ಆಗುತ್ತದೆ. ಸಾರಿಗೆ ಮೈ ಬರುವುದು, ಮಾಂಸ ಬಾಯಲ್ಲಿ ಕರಗುವುದು ಅದರಿಂದಲೇ. ಎದೆಯ ಮಾಂಸದಲ್ಲಿ ಇದು ಕಡಿಮೆ. ಮೂರು ಗಂಟೆ ದಾಟಿದರೆ ಅದು ಹತ್ತಿಯಂತೆ ಒಣಗುತ್ತದೆ. ತುಂಡು ದೊಡ್ಡದಾಗಿರಲಿ, ಸಣ್ಣ ತುಂಡು ಪುಡಿಯಾಗುತ್ತದೆ.

ಬ್ರಾಯ್ಲರ್ ಎಳೆಯ ಕೋಳಿ, ಪ್ರೆಶರ್ ಕುಕ್ಕರಿನಲ್ಲಿ ಕಾಲು ಗಂಟೆಗೆ ಬೇಯುತ್ತದೆ. ಅದಕ್ಕೆ ಸ್ಲೋ ಕುಕ್ಕರ್ ಬಳಸುವುದು ರುಚಿಗಿಂತ ಹೆಚ್ಚಾಗಿ ಬಿಡುವಿಗಾಗಿ. ಜವಾರಿ ಕೋಳಿಯ ಮಾತು ಬೇರೆ. ಎಂಟು ಗಂಟೆ ಬೆಂದರೂ ಅದು ತನ್ನ ಗಟ್ಟಿತನ ಪೂರ್ತಿ ಬಿಡುವುದಿಲ್ಲ, ಸಾರು ಮಾತ್ರ ಅಮೃತ. ಇಡೀ ದಿನ ಮನೆಯಲ್ಲಿ ಇರದವರಿಗೆ ಜವಾರಿ ಕೋಳಿಯೇ ಹೇಳಿಮಾಡಿಸಿದ್ದು.

ನಾಲ್ಕು ಜನಕ್ಕೆ ಬೇಕಾದದ್ದು

ಎಲುಬಿರುವ ಕೋಳಿ 800 ಗ್ರಾಂ
ಉಳ್ಳಾಗಡ್ಡಿ ದೊಡ್ಡವು ಮೂರು
ಟೊಮೆಟೊ ಎರಡು
ಆಲೂಗಡ್ಡೆ ಎರಡು, ಗಜ್ಜರಿ ಒಂದು
ಶುಂಠಿ-ಬೆಳ್ಳುಳ್ಳಿ ಅರೆದದ್ದು ಒಂದೂವರೆ ದೊಡ್ಡ ಚಮಚ
ಮಸಾಲಿ ಖಾರ ಎರಡು ಸಣ್ಣ ಚಮಚ, ಅರಿಶಿನ ಅರ್ಧ ಚಮಚ
ಒಣ ಕೊಬ್ಬರಿ ತುರಿ ಮೂರು ದೊಡ್ಡ ಚಮಚ, ಎಳ್ಳು ಒಂದು ಚಮಚ
ಹುರಿದ ಶೇಂಗಾದ ಪುಡಿ ಎರಡು ದೊಡ್ಡ ಚಮಚ
ಕೋಕಮ್ ಸಿಪ್ಪೆ ಮೂರು, ಅಥವಾ ಗೋವಾದ ಸೇಂದಿ ವಿನೆಗರ್ ಒಂದು ದೊಡ್ಡ ಚಮಚ
ಎಣ್ಣೆ ಮೂರು ದೊಡ್ಡ ಚಮಚ, ಉಪ್ಪು, ಕೊತ್ತಂಬರಿ ಸೊಪ್ಪು
ನೀರು ಅರ್ಧ ಬಟ್ಟಲು ಮಾತ್ರ

ನೀರಿನ ಅಳತೆ ನೋಡಿ ಅನುಮಾನ ಪಡಬೇಡಿ. ಮುಚ್ಚಿದ ಪಾತ್ರೆಯಲ್ಲಿ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ಸಾರಿಗೇ ಇಳಿಯುತ್ತದೆ. ಕೋಳಿ, ಉಳ್ಳಾಗಡ್ಡಿ, ಟೊಮೆಟೊ ತಮ್ಮ ನೀರನ್ನು ತಾವೇ ಬಿಡುತ್ತವೆ. ಗ್ಯಾಸಿನ ಮೇಲೆ ಹಾಕುವಷ್ಟು ನೀರು ಇಲ್ಲಿ ಹಾಕಿದರೆ ಸಂಜೆ ತಿಳಿ ಸಾರು ಸಿಗುತ್ತದೆ.

ಹಿಂದಿನ ರಾತ್ರಿ

ಕೋಳಿಗೆ ಅರಿಶಿನ, ಉಪ್ಪು, ಶುಂಠಿ-ಬೆಳ್ಳುಳ್ಳಿಯ ಅರ್ಧ ಭಾಗ ಸವರಿ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಫ್ರೀಜರಿನಲ್ಲಿ ಇರುವ ಕೋಳಿಯಾದರೆ ಹಿಂದಿನ ದಿನವೇ ಕೆಳಗಿನ ಅರೆಗೆ ಇಳಿಸಿ ಪೂರ್ತಿ ಕರಗಲು ಬಿಡಿ. ಹೆಪ್ಪುಗಟ್ಟಿದ ಮಾಂಸವನ್ನು ನೇರ ಸ್ಲೋ ಕುಕ್ಕರಿಗೆ ಹಾಕಲೇಬಾರದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಹೆಪ್ಪುಗಟ್ಟಿದ ತುಂಡು ಈ ಹಂತದಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತದೆ.

ತರಕಾರಿ ಹೆಚ್ಚಿ ಬೇರೆ ಡಬ್ಬಿಯಲ್ಲಿಡಿ. ಆಲೂಗಡ್ಡೆ ನೀರಿನಲ್ಲಿ ಮುಳುಗಿರಲಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಪಿಂಗಾಣಿ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಿನ ಪಿಂಗಾಣಿಗೆ ಬಿಸಿ ತಾಗಿದರೆ ಬಿರುಕು ಬಿಡಬಹುದು.

ಬೆಳಿಗ್ಗೆ: ಹುರಿಯುವ ಅರ್ಧ ಗಂಟೆ

ಇಡೀ ಅಡುಗೆಯ ರುಚಿ ಇರುವುದು ಈ ಅರ್ಧ ಗಂಟೆಯಲ್ಲಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಒಣ ಕೊಬ್ಬರಿ, ಎಳ್ಳು ಹುರಿಯಿರಿ. ಎಳ್ಳು ಚಟಪಟ ಎಂದು, ಕೊಬ್ಬರಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ ತಕ್ಷಣ ತಟ್ಟೆಗೆ ಇಳಿಸಿ. ಬಾಣಲೆಯಲ್ಲೇ ಬಿಟ್ಟರೆ ಕಹಿಯಾಗುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ.

ಈಗ ಅದೇ ಬಾಣಲೆಗೆ ಎಣ್ಣೆ ಹಾಕಿ ಉಳ್ಳಾಗಡ್ಡಿ ಹಾಕಿ. ಮೊದಲು ಸುಯ್ ಎಂದು ಸದ್ದು ಬರುತ್ತದೆ, ಅದು ನೀರು ಹೋಗುವ ಸದ್ದು. ಐದು ನಿಮಿಷಕ್ಕೆ ಉಳ್ಳಾಗಡ್ಡಿ ಮೆತ್ತಗಾಗಿ ಸದ್ದು ತಗ್ಗುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಅಂಚುಗಳು ಹೊಂಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗಿ, ಸಿಹಿ ವಾಸನೆ ಬರುವವರೆಗೆ ಇನ್ನೂ ಐದಾರು ನಿಮಿಷ ಕೈ ಆಡಿಸುತ್ತಿರಿ. ಈ ಬಣ್ಣ ಬರಲು ಕುದಿಯುವ ನೀರಿಗಿಂತ ಬಹಳ ಹೆಚ್ಚಿನ ಬಿಸಿ ಬೇಕು. ಸ್ಲೋ ಕುಕ್ಕರ್ ಆ ಬಿಸಿಯನ್ನು ಎಂದೂ ಮುಟ್ಟುವುದಿಲ್ಲ. ಹಸಿ ಉಳ್ಳಾಗಡ್ಡಿಯನ್ನೇ ಒಳಗೆ ಹಾಕಿದರೆ ಆರು ಗಂಟೆಯ ನಂತರವೂ ಅದು ಬೆಂದ ಉಳ್ಳಾಗಡ್ಡಿಯೇ, ಹುರಿದದ್ದಲ್ಲ.

ಉಳಿದ ಶುಂಠಿ-ಬೆಳ್ಳುಳ್ಳಿ ಹಾಕಿ ಹಸಿ ವಾಸನೆ ಹೋಗಲಿ. ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ. ಮಸಾಲಿ ಖಾರ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಅದರಲ್ಲಿ ಕೊತ್ತಂಬರಿ ಬೀಜ, ಕೊಬ್ಬರಿ, ಬೆಳ್ಳುಳ್ಳಿ, ಗರಂ ಮಸಾಲೆಯ ಸಾಮಾನು ಎಲ್ಲ ಮೊದಲೇ ಇರುವುದರಿಂದ ಬೇರೆ ಪುಡಿ ಬೇಡ. ಕೊನೆಗೆ ಕೋಳಿ ತುಂಡು ಹಾಕಿ ನಾಲ್ಕೈದು ನಿಮಿಷ ಎಲ್ಲ ಕಡೆ ಹೊರಳಿಸಿ.

ಪಿಂಗಾಣಿ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಂದು ಇಂಚಿನ ತುಂಡಾಗಿ ಹೆಚ್ಚಿಟ್ಟ ಆಲೂಗಡ್ಡೆ ಮತ್ತು ಗಜ್ಜರಿಯನ್ನು ತಳದಲ್ಲಿ ಹರಡಿ. ಈ ಪಾತ್ರೆಯಲ್ಲಿ ಗಡ್ಡೆಗಳು ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತವೆ, ಆದ್ದರಿಂದ ಬಿಸಿ ಹೆಚ್ಚಿರುವ ತಳವೇ ಅವುಗಳ ಜಾಗ. ಅದರ ಮೇಲೆ ಕೋಳಿ, ಮಸಾಲೆ. ಬಾಣಲೆಗೆ ಅರ್ಧ ಬಟ್ಟಲು ಬಿಸಿನೀರು ಹಾಕಿ ತಳಕ್ಕೆ ಅಂಟಿದ ಕಂದು ಮಸಾಲೆಯನ್ನು ಕೆರೆದು ಅದನ್ನೂ ಸುರಿಯಿರಿ. ಮುಚ್ಚಳ ಹಾಕಿ.

ಕೋಕಮ್ ಈಗ ಹಾಕಬೇಡಿ. ಹುಳಿ ಇದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಬಾಡಿಸಿದ ಟೊಮೆಟೊದಷ್ಟು ಹುಳಿಯಿದ್ದರೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚಿನದು ಸಂಜೆಗಿರಲಿ.

ಎಷ್ಟು ಹೊತ್ತು

ಎಲುಬಿರುವ ಬ್ರಾಯ್ಲರ್ ತುಂಡಿಗೆ ಲೋದಲ್ಲಿ ಐದರಿಂದ ಆರು ಗಂಟೆ, ಹೈನಲ್ಲಿ ಮೂರರಿಂದ ಮೂರೂವರೆ. ಜವಾರಿ ಕೋಳಿಗೆ ಲೋದಲ್ಲಿ ಎಂಟರಿಂದ ಒಂಬತ್ತು. ಮನೆಯಲ್ಲೇ ಇದ್ದರೆ ಮೊದಲ ಒಂದು ಗಂಟೆ ಹೈನಲ್ಲಿಟ್ಟು ಆಮೇಲೆ ಲೋಗೆ ಇಳಿಸುವುದು ಒಳ್ಳೆಯದು, ಆಗ ಒಟ್ಟು ಹೊತ್ತು ಸ್ವಲ್ಪ ಕಡಿಮೆಯಾಗುತ್ತದೆ. ನೇರ ಕೆಲಸಕ್ಕೆ ಹೊರಡುವವರು ಮೊದಲಿಂದಲೇ ಲೋದಲ್ಲಿಟ್ಟರೂ ನಡೆಯುತ್ತದೆ.

ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದೂವರೆಗೆ ಬರುವವರಿಗೆ ಒಂಬತ್ತೂವರೆ ಗಂಟೆಯ ಅಂತರ. ಬ್ರಾಯ್ಲರಿಗೆ ಇದು ಜಾಸ್ತಿ. ತಾನಾಗಿ ವಾರ್ಮ್‌ಗೆ ಬದಲಾಗುವ ಕುಕ್ಕರ್ ಇದ್ದರೆ ಲೋ ಆರು ಗಂಟೆಗೆ ಹೊಂದಿಸಿ, ಉಳಿದ ಮೂರೂವರೆ ಗಂಟೆ ವಾರ್ಮ್‌ನಲ್ಲಿ ಇರಲಿ. ವಾರ್ಮ್‌ನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇಡದಿರುವುದು ಒಳಿತು. ಆ ಸೌಲಭ್ಯ ಇಲ್ಲದಿದ್ದರೆ, ಮಧ್ಯಾಹ್ನ ಮನೆಯಲ್ಲಿರುವ ಅತ್ತೆಗೋ ಅವ್ವನಿಗೋ ಗುಂಡಿ ತಿರುಗಿಸಲು ಹೇಳಿ. ಯಾರೂ ಇಲ್ಲವೆಂದರೆ ಜವಾರಿ ಕೋಳಿ ತನ್ನಿ.

ಕುಕ್ಕರಿಗೆ ಟೈಮರ್ ಪ್ಲಗ್ ಹಾಕಿ ಹಸಿ ಕೋಳಿಯನ್ನು ಒಳಗಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟ್ ಬರುವಂತೆ ಮಾಡುವ ಜಾಣತನ ಕೆಲವರಿಗೆ ಹೊಳೆಯುತ್ತದೆ. ಅದು ಬೇಡವೇ ಬೇಡ. ಕರಾವಳಿಯ ಸೆಕೆಯಲ್ಲಿ ನಾಲ್ಕು ಗಂಟೆ ಹೊರಗೆ ಕೂತ ಮಾಂಸವನ್ನು ಎಷ್ಟು ಬೇಯಿಸಿದರೂ ನಂಬುವಂತಿಲ್ಲ.

ರಾತ್ರಿ ಪಾಳಿಯವರು ಲೆಕ್ಕವನ್ನು ತಿರುಗಿಸಿಕೊಳ್ಳಬಹುದು. ರಾತ್ರಿ ಹನ್ನೊಂದಕ್ಕೆ ಲೋದಲ್ಲಿ ಇಟ್ಟರೆ ಬೆಳಗಿನ ಐದಕ್ಕೆ ಮನೆಯಲ್ಲಿ ಎದ್ದವರು ಆರಿಸುತ್ತಾರೆ, ಪಾಳಿ ಮುಗಿಸಿ ಬಂದವರಿಗೆ ಬಿಸಿ ಊಟ.

ನಡುವೆ ಮುಚ್ಚಳ ತೆಗೆದು ನೋಡಬೇಡಿ. ಒಂದು ಸಲ ತೆಗೆದರೆ ಹೋದ ಬಿಸಿ ಮರಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಗಾಜಿನ ಮುಚ್ಚಳ ಇರುವುದೇ ಹೊರಗಿಂದ ನೋಡಲು.

ಸಂಜೆ: ಮುಗಿಸುವ ಹದಿನೈದು ನಿಮಿಷ

ದಪ್ಪ ತುಂಡೊಂದನ್ನು ತೆಗೆದು ಎಲುಬಿನ ಹತ್ತಿರ ಸೀಳಿ ನೋಡಿ. ಮಾಂಸ ಎಲುಬಿನಿಂದ ಸುಲಭವಾಗಿ ಬಿಡಬೇಕು, ಒಸರುವ ರಸ ತಿಳಿಯಾಗಿರಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ದಾಟಿರಬೇಕು.

ಹುರಿದ ಕೊಬ್ಬರಿ-ಎಳ್ಳಿನ ಪುಡಿ, ಶೇಂಗಾ ಪುಡಿ, ಕೋಕಮ್ ಅಥವಾ ವಿನೆಗರ್ ಈಗ ಹಾಕಿ. ಹೈಗೆ ತಿರುಗಿಸಿ ಮುಚ್ಚಳವನ್ನು ಓರೆ ಮಾಡಿ ಹದಿನೈದು ನಿಮಿಷ ಬಿಡಿ. ಇಂಗದೆ ಉಳಿದ ನೀರನ್ನು ಶೇಂಗಾ ಹೀರಿಕೊಂಡು ಸಾರಿಗೆ ಗಟ್ಟಿತನ ಕೊಡುತ್ತದೆ. ಮೈದಾ, ಕಾರ್ನ್‌ಫ್ಲೋರ್ ಯಾವುದೂ ಬೇಕಾಗಿಲ್ಲ. ಇನ್ನೂ ತೆಳುವೆನಿಸಿದರೆ ನಾಲ್ಕು ಆಲೂಗಡ್ಡೆ ತುಂಡನ್ನು ಸೌಟಿನಿಂದ ಮಸೆಯಿರಿ. ಉಪ್ಪು ನೋಡುವುದೂ, ಕೊತ್ತಂಬರಿ ಸೊಪ್ಪು ಉದುರಿಸುವುದೂ ಈಗಲೇ. ಮೊಸರು ಅಥವಾ ತೆಂಗಿನ ಹಾಲು ಹಾಕುವ ಆಸೆ ಇದ್ದರೆ ಅದೂ ಇದೇ ಹಂತದಲ್ಲಿ, ಬೆಳಿಗ್ಗೆಯೇ ಹಾಕಿದರೆ ಒಡೆಯುತ್ತವೆ.

ಈ ಹದಿನೈದು ನಿಮಿಷದಲ್ಲಿ ಅನ್ನ ಆಗುತ್ತದೆ. ಅದೂ ಬೇಡವೆಂದರೆ ಸಂಜೆ ಸೈಕಲ್ಲಿನ ಮೇಲೆ ಹಾರ್ನ್ ಬಾರಿಸುತ್ತ ಬರುವ ಪೊದೇರ್ ಹತ್ತಿರ ಪೊಯಿ ತೆಗೆದುಕೊಳ್ಳಿ. ತವುಡಿನ ಆ ರೊಟ್ಟಿ ಸಾರನ್ನು ಚೆನ್ನಾಗಿ ಹೀರುತ್ತದೆ. ಊರಿಂದ ಬಂದ ಕಟಕ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನುವವರಿಗೆ ಬೇರೇನೂ ಬೇಕಿಲ್ಲ.

ಕರೆಂಟ್ ಹೋದರೆ

ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ. ಮನೆಯಲ್ಲಿದ್ದಾಗ ಕರೆಂಟ್ ಹೋದರೆ ತಡಮಾಡದೆ ಎಲ್ಲವನ್ನೂ ಬೇರೆ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಬೇಯಿಸಿ ಮುಗಿಸಿ. ನೀವು ಹೊರಗಿದ್ದಾಗ ಹೋಗಿ, ಎಷ್ಟು ಹೊತ್ತು ಇರಲಿಲ್ಲ ಎಂದು ಗೊತ್ತಾಗದಿದ್ದರೆ, ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಹೊಟ್ಟೆ ಉರಿಯುತ್ತದೆ, ಆದರೆ ಕೆಟ್ಟ ಕೋಳಿಯನ್ನು ವಾಸನೆಯಿಂದ ಯಾವಾಗಲೂ ಕಂಡುಹಿಡಿಯಲು ಆಗುವುದಿಲ್ಲ. ಗುಡುಗು ಮಳೆಯ ಮುನ್ಸೂಚನೆ ಇರುವ ದಿನ ಪ್ರೆಶರ್ ಕುಕ್ಕರನ್ನೇ ನಂಬಿ.

ಉಳಿದ ಸಾರನ್ನು ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ಹಾಕಿ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವುದು ಗ್ಯಾಸಿನ ಮೇಲೆ, ಚೆನ್ನಾಗಿ ಕುದಿ ಬರುವಂತೆ. ಸ್ಲೋ ಕುಕ್ಕರ್ ಆ ಕೆಲಸಕ್ಕೆ ತೀರಾ ನಿಧಾನ.

ಕೈ ಪಳಗಿದ ಮೇಲೆ ಆಲೂಗಡ್ಡೆಯ ಬದಲು ಕಾಳು ಹಾಕುವ ಮನಸ್ಸಾಗಬಹುದು. ರಾಜ್ಮಾ ಹಾಕುವುದಾದರೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಜೋರಾಗಿ ಕುದಿಸಿಯೇ ಹಾಕಬೇಕು. ಅದರಲ್ಲಿರುವ ಒಂದು ವಿಷ ಅಂಶ ಸ್ಲೋ ಕುಕ್ಕರಿನ ಮಂದ ಬಿಸಿಗೆ ನಾಶವಾಗುವುದಿಲ್ಲ.

ಕುಕ್ಕರ್ ಇಲ್ಲದವರಿಗೆ

ಯಂತ್ರ ಕೊಳ್ಳುವ ಮೊದಲು ಕಂಬಳಿಯಿಂದ ಕಲಿಯಬಹುದು. ಮೇಲೆ ಹೇಳಿದಂತೆಯೇ ಹುರಿದು, ಬಿಗಿ ಮುಚ್ಚಳದ ದಪ್ಪ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ. ಪಾತ್ರೆ ಮುಕ್ಕಾಲು ಪಾಲು ತುಂಬಿರಲಿ. ಒಲೆ ಆರಿಸಿದ ಕೂಡಲೇ ಹಳೆಯ ಕಂಬಳಿಯಲ್ಲಿ ಎರಡು ಮೂರು ಸುತ್ತು ಸುತ್ತಿ ಡಬ್ಬದಲ್ಲಿಟ್ಟು ಮುಚ್ಚಿಬಿಡಿ. ಎರಡು ಗಂಟೆ ತನ್ನ ಬಿಸಿಯಲ್ಲೇ ಅದು ಹದಗೊಳ್ಳುತ್ತದೆ. ಊಟಕ್ಕೆ ಮೊದಲು ಮತ್ತೆ ಕುದಿಸಿ. ಇಡೀ ದಿನ ಹೊರಗಿರುವವರಿಗೆ ಇದು ಆಗದು, ಮಧ್ಯಾಹ್ನದ ಪಾಳಿಗೆ ಹೊರಡುವ ಮೊದಲು ಊಟ ಮಾಡುವವರಿಗೆ ಸರಿಹೋಗುತ್ತದೆ.

ಮೊದಲ ಸಲ ಭಾನುವಾರ ಮಾಡಿ

ಒಂದೇ ಕಂಪನಿಯ ಎರಡು ಕುಕ್ಕರ್‌ಗಳೂ ಒಂದೇ ಹೊತ್ತಿಗೆ ಬೇಯಿಸಬೇಕೆಂದಿಲ್ಲ. ಆದ್ದರಿಂದ ಮೊದಲ ಪ್ರಯೋಗ ಕೆಲಸದ ದಿನ ಬೇಡ. ಭಾನುವಾರ ಬೆಳಿಗ್ಗೆ ಲೋದಲ್ಲಿಟ್ಟು ನಾಲ್ಕನೇ ಗಂಟೆಗೆ ಒಮ್ಮೆ, ಐದಕ್ಕೆ ಒಮ್ಮೆ, ಆರಕ್ಕೆ ಒಮ್ಮೆ ತೆಗೆದು ನೋಡಿ. ಮುಚ್ಚಳ ತೆಗೆಯಬಾರದು ಎಂಬ ನಿಯಮಕ್ಕೆ ಅವತ್ತು ಒಂದು ದಿನ ರಜೆ. ಯಾವ ಹೊತ್ತಿಗೆ ಮಾಂಸ ಎಲುಬು ಬಿಟ್ಟಿತು, ಆಲೂಗಡ್ಡೆ ಯಾವಾಗ ಮೆತ್ತಗಾಯಿತು, ಎಷ್ಟು ನೀರು ಉಳಿಯಿತು ಎಂಬುದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಹೀಗೆ ತೆಗೆದು ನೋಡಿದ್ದರಿಂದ ಅರ್ಧದಿಂದ ಒಂದು ಗಂಟೆ ತಡವಾಗಿರುತ್ತದೆ, ಅಷ್ಟನ್ನು ಲೆಕ್ಕದಿಂದ ಕಳೆಯಿರಿ. ಸೋಮವಾರದಿಂದ ನೀವು ನಂಬಬೇಕಾದದ್ದು ಆ ಚೀಟಿಯನ್ನು. ಈ ಲೇಖನದ ಗಂಟೆಗಳು ಅದನ್ನು ಬರೆಯುವವರೆಗಿನ ಆಸರೆ ಮಾತ್ರ.